ಕಾಳಪ್ಪನ ಹಿಂದಿನ ಗದ್ದೆ

ಭಾನುವಾರ ಬೆಳಿಗ್ಗೆ ಹೊಸಪೇಟೆಯಲ್ಲಿ ಕಂಪ್ಲಿ ಬಸ್ಸು ಹತ್ತಿದ ಕಾವ್ಯ ಕಮಲಾಪುರ ದಾಟುವಷ್ಟರಲ್ಲಿ ಮೂರು ಸಲ ಸೀಟು ಬದಲಿಸಿದ್ದಳು. ಕಿಟಕಿಯ ಪಕ್ಕ ಕೂತರೆ ಮೋಡ ಕಾಣುತ್ತಿತ್ತು, ಒಳಗಡೆ ಕೂತರೆ ಕೈಯಲ್ಲಿನ ಮೊಬೈಲು ಕಾಣುತ್ತಿತ್ತು. ಎರಡೂ ಒಂದೇ ಸುದ್ದಿ ಹೇಳುತ್ತಿದ್ದವು. ಸಮುದ್ರದಲ್ಲಿ ಎದ್ದ ಚಂಡಮಾರುತ ಆಂಧ್ರ ದಾಟಿ ಬರುತ್ತಿದೆ, ಸಂಜೆಯೊಳಗೆ ಈ ಸೀಮೆಗೆ ಮಳೆ. ಗದ್ದೆಗಳಲ್ಲಿ ಭತ್ತ ಬಂಗಾರದ ಬಣ್ಣಕ್ಕೆ ತಿರುಗಿ ತಲೆ ಬಾಗಿಸಿ ನಿಂತಿತ್ತು. ಬೇರೆ ಹೊತ್ತಿನಲ್ಲಾಗಿದ್ದರೆ ಕಣ್ಣಿಗೆ ಹಬ್ಬ. ಈಗ ಅದನ್ನು ನೋಡಿದಾಗೆಲ್ಲ ಅವಳು ಮತ್ತೆ ಮೊಬೈಲಿಗೆ ತಿರುಗುತ್ತಿದ್ದಳು.

ಹಿಂದಿನ ದಿನ ಸಂಜೆ ಕಂಪ್ಲಿಯಿಂದ ಅಣ್ಣ ವೀರೇಶ್ ಫೋನು ಮಾಡಿದ್ದ. ಎಮ್ಮಿಗನೂರಿನ ಹುಸೇನಮ್ಮ ಎಂಬಾಕೆ ನಮ್ಮ ರೈಸ್‌ಮಿಲ್ಲಿನ ಮೆಟ್ಟಿಲ ಮೇಲೆ ಕೂತು, ಪಟ್ಟಿ ಮಾಡಿದವರನ್ನು ಕರೆಸಿರಿ ಎನ್ನುತ್ತಿದ್ದಾಳೆ. ನಾಳೆ ಮತ್ತೆ ಬರುತ್ತಾಳಂತೆ. ಪಟ್ಟಿ ಮಾಡಿದ್ದು ನೀನು, ಬಂದು ನೀನೇ ಉತ್ತರ ಹೇಳು ಎಂದಿದ್ದ.

ಪಟ್ಟಿ ಎಂದರೆ ಭತ್ತ ಕೊಯ್ಯುವ ಯಂತ್ರದ ಪಾಳಿ. ವೀರೇಶನ ಹತ್ತಿರ ಎರಡು ಚೈನ್ ಗಾಡಿಗಳಿದ್ದವು. ಕೆಸರಿನಲ್ಲಿ ಹೂಳದಂತೆ ಚಕ್ರದ ಬದಲು ಅಗಲವಾದ ಪಟ್ಟೆ ಹಾಕಿದ ಕಟಾವು ಯಂತ್ರಗಳು. ಎಮ್ಮಿಗನೂರಿನ ಗುಡ್ಡಪ್ಪನ ಹತ್ತಿರ ಒಂದಿತ್ತು. ಕಳೆದ ವರ್ಷದವರೆಗೆ ಅವನ ಊರಿಗೆ ಅವನ ಪಾಳಿ ಪುಸ್ತಕ, ಇವನ ಊರಿಗೆ ಇವನ ಪುಸ್ತಕ. ಈ ಸಲ ಡ್ರೈವರುಗಳು ಸಿಗದೆ, ಒಂದು ಕಡೆ ಗಾಡಿ ಸುಮ್ಮನೆ ನಿಂತು ಇನ್ನೊಂದು ಕಡೆ ಜನ ಕಾಯುವುದು ನೋಡಲಾಗದೆ ಇಬ್ಬರೂ ಕೂಡಿಕೊಂಡರು: ಮೂರು ಗಾಡಿ, ಒಂದೇ ಪಟ್ಟಿ, ಯಾರ ಭತ್ತ ಮೊದಲು ಮಾಗುತ್ತದೋ ಅವರಿಗೆ ಮೊದಲು. ಹೊಸಪೇಟೆಯ ಡಿಪ್ಲೊಮಾ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುವ ತಂಗಿಯೇ ಇದ್ದಾಳಲ್ಲ, ಎರಡು ಪುಸ್ತಕ ಕೂಡಿಸಿ ಒಂದು ಮಾಡುವುದು ಅವಳಿಗೆ ಯಾವ ಮಹಾ ಎಂದು ವೀರೇಶ್ ಹೇಳಿದ. ಯಾವ ಮಹಾ ಎಂದು ಅವಳೂ ಅಂದಳು. ಒಂದು ಸಂಜೆಯಲ್ಲಿ ಬರೆದು ಮುಗಿಸಿದಳು.

ಇದನ್ನು ಅವಳು ತರಗತಿಯಲ್ಲಿ ವಿದ್ಯಾರ್ಥಿಗಳನ್ನೇ ನಿಲ್ಲಿಸಿ ಕಲಿಸುತ್ತಿದ್ದಳು. ಎತ್ತರದ ಪ್ರಕಾರ ಎರಡು ಸಾಲು ಮಾಡು, ಗಿಡ್ಡನೆಯವರು ಮುಂದೆ. ಎರಡೂ ಸಾಲಿನ ಮೊದಲಿನವರನ್ನು ಮಾತ್ರ ನೋಡು, ಇಬ್ಬರಲ್ಲಿ ಗಿಡ್ಡ ಯಾರೋ ಅವರನ್ನು ಹೊಸ ಸಾಲಿಗೆ ಕಳಿಸು. ಮತ್ತೆ ಮೊದಲಿನವರನ್ನು ನೋಡು. ಹಿಂದೆ ಯಾರಿದ್ದಾರೆಂದು ಇಣುಕುವ ಕೆಲಸವೇ ಇಲ್ಲ. ಇದನ್ನು ಕೈಯಾರೆ ಬರೆಯಬೇಕಾಗಿಯೂ ಇಲ್ಲ, ಭಾಷೆಯ ಜೊತೆಗೇ ಬರುವ ಲೈಬ್ರರಿಯಲ್ಲಿ ಮರ್ಜ್ ಎಂಬ ಸಿದ್ಧ ಫಂಕ್ಷನ್ ಇದೆ. ಅಂಕಿ ಕೊಡು, ಹೆಸರು ಕೊಡು, ಗದ್ದೆ ಕೊಡು, ಅದಕ್ಕೆ ಭೇದವಿಲ್ಲ. ಯಾವುದು ಮುಂದು ಯಾವುದು ಹಿಂದು ಎಂಬ ನಿಯಮವೊಂದನ್ನು ಕೊಟ್ಟರೆ ಆಯಿತು. ಆದರೆ ಒಂದು ಕರಾರು. ಎರಡು ಸಾಲೂ ಆ ನಿಯಮದಂತೆ ಮೊದಲೇ ಜೋಡಿಸಿರಬೇಕು. ಜೋಡಿಸಿದೆಯೋ ಇಲ್ಲವೋ ಎಂದು ಅದು ಪರೀಕ್ಷೆ ಮಾಡುವುದಿಲ್ಲ. ತಂದುಕೊಟ್ಟವರನ್ನು ನಂಬಿ ನಡೆಯುತ್ತದೆ, ಭಕ್ತರು ನಡೆಯುವ ಹಾಗೆ.

ವೀರೇಶನ ಪುಸ್ತಕ ಮಾಗುವ ದಿನದ ಪ್ರಕಾರವೇ ಇತ್ತು. ಗುಡ್ಡಪ್ಪನ ಪುಸ್ತಕದ ಮೊದಲ ಎರಡು ಪುಟಗಳನ್ನು ಕಾವ್ಯ ನೋಡಿದ್ದಳು. ಅಲ್ಲಿ ದಿನಗಳು ಏರುತ್ತಲೇ ಹೋಗಿದ್ದವು. ಮೂರನೆಯದನ್ನು ನೋಡಿರಲಿಲ್ಲ.

ಮಿಲ್ಲಿನ ಮೆಟ್ಟಿಲ ಮೇಲೆ ಕೂತಿದ್ದ ಹುಸೇನಮ್ಮ ಐವತ್ತೈದರ ಆಸುಪಾಸಿನ ಸಣಕಲು ಹೆಂಗಸು. ಕಾವ್ಯ ಬ್ಯಾಗು ಇಳಿಸುವ ಮೊದಲೇ ಎದ್ದು ನಿಂತು, ಸೆರಗಿನ ಗಂಟು ಬಿಚ್ಚಿ ಒಂದು ತೆನೆ ತೆಗೆದಳು. ಅದನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಕಾಳುಗಳು ಮೆಟ್ಟಿಲ ಮೇಲೆ ಉದುರಿದವು.

"ಮುಟ್ಟಿದರ ಹಿಂಗ. ಇನ್ನ ಮಳಿ ಬಡಿದರ ಏನಕ್ಕತಿ, ನೀನ ಹೇಳವ್ವ," ಎಂದಳು. "ಎಂಟು ದಿನದಿಂದ ನಮ್ಮೂರಿಗೆ ಒಂದು ಗಾಡಿ ಬಂದಿಲ್ಲ. ಗುಡ್ಡಪ್ಪನ ಗಾಡೀನೂ ನೀವ ಒಯ್ದೀರಿ."

ಅವಳಿಗೆ ಎರಡು ಎಕರೆ. ವರ್ಷದ ಊಟ ಅದರಲ್ಲೇ, ಬರುವ ವರ್ಷದ ಬೀಜ ಅದರಲ್ಲೇ. ಕಾವ್ಯ ಒಳಗೆ ಹೋಗಿ ಲ್ಯಾಪ್‌ಟಾಪು ತೆರೆದಳು. ನಿಂತೇ ತೆರೆದಳು, ಕೂರಲು ಆಗಲಿಲ್ಲ. ಗುಡ್ಡಪ್ಪನ ಮೂರನೆಯ ಪುಟದ ಮೊದಲ ಹೆಸರು ಕಾಳಪ್ಪ, ಮಾಗುವ ದಿನ ಡಿಸೆಂಬರ್ ಒಂಬತ್ತು. ಅವನ ಬೆನ್ನಿಗೆ ಹುಸೇನಮ್ಮ, ನವೆಂಬರ್ ಇಪ್ಪತ್ತೇಳು. ಅವಳ ಹಿಂದೆ ಇನ್ನೂ ಹನ್ನೊಂದು ಗದ್ದೆ. ಇಂದು ಡಿಸೆಂಬರ್ ಒಂದು.

ಸಾಲಿನ ಎಲ್ಲರಿಗಿಂತ ಎತ್ತರದವನು ಮೊದಲಿಗೇ ನಿಂತಿದ್ದ. ಫಂಕ್ಷನ್ ಪ್ರತಿ ಸಲ ಅವನನ್ನೇ ನೋಡಿತು, ಇವನಿಗಿನ್ನೂ ಹೊತ್ತಿದೆ ಎಂದು ಕಂಪ್ಲಿಯ ಸಾಲಿನಿಂದ ಒಬ್ಬೊಬ್ಬರನ್ನೇ ಕರೆಯಿತು. ಅವನ ಬೆನ್ನ ಹಿಂದೆ ಹನ್ನೆರಡು ಮಂದಿ ಸರದಿ ಕಾದು ನಿಂತದ್ದು ಅದಕ್ಕೆ ಕಾಣಲಿಲ್ಲ. ಕಾಣಬೇಕಾದದ್ದು ಅದಕ್ಕಲ್ಲ, ಅವಳಿಗೆ.

ಬಾಗಿಲಲ್ಲಿ ನಿಂತಿದ್ದ ವೀರೇಶ್ ಅವಳ ಮುಖ ನೋಡಿ, ಏನ್ ಮೇಡಂ, ನಿಮ್ಮ ಕಂಪ್ಯೂಟರಿಗೆ ಎಮ್ಮಿಗನೂರು ದಾರಿ ಗೊತ್ತಿಲ್ಲೇನು ಎಂದು ಕೆಣಕಿದ. ಅವಳು ತಲೆ ಎತ್ತಲಿಲ್ಲ. ಕೂಡಿಸುವ ಮೊದಲು ಗುಡ್ಡಪ್ಪನ ಸಾಲನ್ನು ದಿನದ ಪ್ರಕಾರ ಜೋಡಿಸು ಎಂದು ಪ್ರೋಗ್ರಾಮಿಗೆ ಒಂದೇ ಒಂದು ಸಾಲು ಬರೆದು ಸೇರಿಸಿದಳು. ಪಟ್ಟಿ ಹೊಸದಾಗಿ ಬಂತು. ಕೊಯ್ಲು ಉಳಿದವರಲ್ಲಿ ಎಲ್ಲರಿಗಿಂತ ಮೇಲೆ ಹುಸೇನಮ್ಮ. ಹತ್ತು ನಿಮಿಷವೂ ಹಿಡಿಯಲಿಲ್ಲ. ರಾಮಸಾಗರದ ಕಡೆ ಕೆಲಸ ಮುಗಿಸುತ್ತಿದ್ದ ಡ್ರೈವರ್ ಅಂಜಿನಿಗೆ ವೀರೇಶ್ ಫೋನು ಹಚ್ಚಿ, ಗಾಡಿಯನ್ನು ಲಾರಿಗೆ ಏರಿಸಿಕೊಂಡು ನೇರ ಎಮ್ಮಿಗನೂರಿಗೆ ನಡಿ ಎಂದ.

ಕಾವ್ಯ ಮಿಲ್ಲಿನ ಸ್ಕೂಟರು ತೆಗೆದಳು. ಹುಸೇನಮ್ಮ ಹಿಂದೆ ಕೂತಳು. ದಾರಿಯುದ್ದಕ್ಕೂ ಗಾಳಿ ಎದುರಿನಿಂದ ಬೀಸುತ್ತಿತ್ತು, ತಂಪು ಗಾಳಿ, ಒಳ್ಳೆಯದಲ್ಲದ ತಂಪು. ಹುಸೇನಮ್ಮ ಅವಳ ಬೆನ್ನಿಗೇ ಮಾತಾಡುತ್ತಿದ್ದಳು. ಗಂಡ ಇದ್ದಾಗಿನ ಮಾತು, ಕುಡುಗೋಲಿನ ಕಾಲದ ಮಾತು, ಆಗ ಊರೇ ಬಂದು ಕೊಯ್ಯುತ್ತಿತ್ತು ಎಂಬ ಮಾತು. ಕಾವ್ಯ ಹೂಂಗುಟ್ಟುತ್ತ ಹೂಂಗುಟ್ಟುತ್ತ ಮೋಡವನ್ನೇ ನೋಡಿದಳು.

ಕಾಲುವೆ ದಾರಿಯ ಮೇಲೆ ಗಾಡಿ ಅವರಿಗಿಂತ ಸ್ವಲ್ಪ ಹೊತ್ತು ತಡವಾಗಿ ಬಂತು. ಹನ್ನೊಂದೂವರೆ. ಲಾರಿಯಿಂದ ಇಳಿದ ಯಂತ್ರ ದಾರಿಯ ಅಂಚಿಗೆ ಬಂದು ನಿಂತೇಬಿಟ್ಟಿತು. ಅಂಜಿನಿ ಸೀಟಿನಿಂದ ಇಳಿದು, ತಲೆಯ ಟವೆಲು ಬಿಚ್ಚಿ ಮುಖ ಒರೆಸಿಕೊಂಡು, ಕೇಳಿದ: "ಅಕ್ಕಾರ, ಯಾವ ಗದ್ದಿರಿ?"

ಹುಸೇನಮ್ಮ ಕೈ ತೋರಿಸಿದಳು. ದಾರಿಗೂ ಅವಳ ಗದ್ದೆಗೂ ನಡುವೆ ಮೂರು ಎಕರೆ ಹಸಿರು. ಇನ್ನೂ ಹಾಲುಗಾಳು ಗಟ್ಟಿಯಾಗುತ್ತಿದ್ದ ಭತ್ತ, ಗಾಳಿಗೆ ತೂಗುತ್ತಿತ್ತು. ಎಡಕ್ಕೆ ಕಾಲುವೆ, ಬಲಕ್ಕೆ ಬಸಿಹಳ್ಳ, ಹಿಂದೆ ಬೇರೆಯವರ ಗದ್ದೆಗಳು. ಆ ಹಸಿರೆಲ್ಲ ಕಾಳಪ್ಪನದು.

"ನನ್ನ ಹೆಸರು ಅಂಜಿನಿ ಖರೆ," ಎಂದ ಡ್ರೈವರು. "ಗಾಡೀದು ಅಲ್ಲ. ಹಾರಾಕ ಬರಂಗಿಲ್ಲ ಇದಕ್ಕ."

ಅಷ್ಟರಲ್ಲಿ ಗುಡ್ಡಪ್ಪ ಲೂನಾದ ಮೇಲೆ ಬಂದ. ಎಪ್ಪತ್ತರ ಮುದುಕ, ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದ. ಗಾಡಿಯನ್ನೂ ಗದ್ದೆಯನ್ನೂ ಅವಳನ್ನೂ ಒಂದೊಂದಾಗಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಅವನು ಹೇಳಿದ್ದರ ಸಾರ ಇದು. ಈ ಬಯಲಿನಲ್ಲಿ ಒಳಗಿನ ಗದ್ದೆಗಳಿಗೆ ದಾರಿಯಿಲ್ಲ. ಮುಂದಿನದು ಕೊಯ್ದರೆ ಹಿಂದಿನದಕ್ಕೆ ಗಾಡಿ ಹೋಗುತ್ತದೆ. ಅದಕ್ಕೇ ಹಿಂದಿನ ಕಾಲದಿಂದ ಬಂದ ಕಟ್ಟುಪಾಡು: ದಾರಿಗೆ ಹತ್ತಿದವನು ಎಲ್ಲರಿಗಿಂತ ಮೊದಲು ನಾಟಿ ಮಾಡಬೇಕು, ಅವನ ಹಿಂದಿನವನು ಆಮೇಲೆ, ಅವನ ಹಿಂದಿನವನು ಅದಕ್ಕೂ ಆಮೇಲೆ. ಹಾಗೆ ಮಾಡಿದಾಗ ದಾರಿಯ ಸಾಲೂ ದಿನದ ಸಾಲೂ ಒಂದೇ ಆಗಿರುತ್ತವೆ. ಈ ವರ್ಷ ಕಾಳಪ್ಪನ ಸಸಿಮಡಿ ಸುಟ್ಟುಹೋಯಿತು. ಗಂಗಾವತಿ ಕಡೆಯಿಂದ ಸಸಿ ತಂದು ನಾಟಿ ಮಾಡುವಾಗ ಎಲ್ಲರದೂ ಮುಗಿದಿತ್ತು. ಪುಸ್ತಕದಲ್ಲಿ ಮಾತ್ರ ಅವನ ಹೆಸರು ಮುಂದೆಯೇ.

"ಗಾಡಿ ಹೆಂಗ ಹೊಕ್ಕತೈತೋ ಹಂಗ ಬರ್ದೀನಿ. ತಾರೀಖು ನೋಡಿ ಬರ್ದಿದ್ದಲ್ಲ ಅದು," ಎಂದ ಗುಡ್ಡಪ್ಪ.

"ಮೊದಲ ಯಾಕ ಹೇಳಲಿಲ್ರಿ ಕಾಕಾ?"

"ನಿಮ್ಮಣ್ಣಗ ಎರಡು ಸಲ ಫೋನ್ ಮಾಡಿದೆ. ಕಂಪ್ಯೂಟರ್ ತಪ್ಪು ಮಾಡಂಗಿಲ್ಲ ಅಂದ. ನಾಕು ಮಂದಿ ಮುಂದ ಪಟ್ಟಿ ಹೇಳಿದಂಗ ನಡೀತೀನಿ ಅಂತ ಮಾತು ಕೊಟ್ಟಿದ್ದೆ. ಸುಮ್ಮನಾದೆ."

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂಬ ಮಾತನ್ನು ಅಣ್ಣನಿಗೆ ಕಲಿಸಿದವರು ಯಾರೆಂದು ಕಾವ್ಯಳಿಗೆ ಗೊತ್ತಿತ್ತು.

ಮೂಡಣ ದಿಕ್ಕು ಕಪ್ಪಾಗಿತ್ತು. ಉಪಾಯವೇ ಇಲ್ಲವೇ ಎಂದಳು. ಒಂದಿದೆ ಎಂದ ಗುಡ್ಡಪ್ಪ. ದಾರಿಯವನು ಮನಸ್ಸು ಮಾಡಿದರೆ, ಹಸಿ ಭತ್ತದಲ್ಲೇ ಬದುವಿನ ಗುಂಟ ಗಾಡಿಯಗಲ ಕೊಯ್ಯಲು ಬಿಡುತ್ತಾನೆ. ಕೊಯ್ದದ್ದು ದನದ ಮೇವಿಗಷ್ಟೇ. ಅಪರೂಪಕ್ಕೆ ನಡೆದದ್ದುಂಟು. ಆದರೆ ಕೇಳಬೇಕು. ಫೋನಿನಲ್ಲಿ ಕೇಳುವುದಲ್ಲ, ಹೇಳಿಕಳಿಸುವುದಲ್ಲ. ಅವನ ಗದ್ದೆಯ ಬದುವಿಗೆ ಹೋಗಿ, ಎದುರು ನಿಂತು, ಬಾಯಿಬಿಟ್ಟು ಕೇಳಬೇಕು.

ಎಲ್ಲರೂ ಹುಸೇನಮ್ಮನ ಕಡೆ ನೋಡಿದರು. ಅವಳು ಕಾಲುವೆಯ ಕಡೆ ತಿರುಗಿದಳು.

"ನಾ ಕೇಳಂಗಿಲ್ಲ. ಉದುರಿದರ ಉದುರ್ಲಿ."

ಗಂಡ ನೆಟ್ಟ ಬೇವಿನ ಮರ ಬದುವಿನ ಮೇಲಿತ್ತಂತೆ. ನೆರಳು ಬೀಳುತ್ತದೆಂದು ಕಾಳಪ್ಪ ಅದನ್ನು ಕಡಿಸಿದ್ದ. ನಾಲ್ಕು ವರ್ಷದಿಂದ ಇವರಿಬ್ಬರ ನಡುವೆ ಮಾತಿಲ್ಲ. ಒಬ್ಬರ ನೀರು ಇನ್ನೊಬ್ಬರ ಗದ್ದೆಗೆ ಹರಿದರೂ ಮೂರನೆಯವರಿಗೆ ಹೇಳಿ ತಿಳಿಸುತ್ತಿದ್ದರು.

ಕಾವ್ಯ ಕೇಳಿದಳು, ಬೇರೆಯವರು ಕೇಳಿದರೆ ನಡೆಯುತ್ತದೆಯೇ ಎಂದು. ಗುಡ್ಡಪ್ಪ ಅವಳ ಚಪ್ಪಲಿಯನ್ನೊಮ್ಮೆ ನೋಡಿದ.

"ನಡೀತೈತಿ. ಆದರ ದಾರಿ ಕೇಳಿದವರು, ಗಾಡಿ ಕೆಲಸ ಮುಗಿಸಿ ಹೊರಗ ಬರೋತನಕ ಬದುವಿನ ಮ್ಯಾಲ ನಿಂದ್ರಬೇಕು. ಕುಂದ್ರಂಗಿಲ್ಲ, ಮನಿಗೆ ಹೋಗಂಗಿಲ್ಲ. ಗಾಡಿ ಆಕಡಿ ಈಕಡಿ ಸರಿದು ಪೈರು ತುಳಿದರ ಅವರ ಹೊಣಿ. ನಿಂದ್ರತೀಯೇನು?"

ನಿಲ್ಲುತ್ತೇನೆ ಎಂದಳು.

ಕಾಳಪ್ಪ ತನ್ನ ಗುಡಿಸಲ ಮುಂದೆ ಜೋಳದ ರೊಟ್ಟಿ ಮುರಿಯುತ್ತ ಕೂತಿದ್ದ. ಗಾಡಿ ಬಂದದ್ದು, ನಿಂತದ್ದು, ಮಾತುಕತೆ ನಡೆದದ್ದು ಎಲ್ಲ ನೋಡಿಯೇ ಇದ್ದ, ಏಳಲಿಲ್ಲ. ಕಾವ್ಯ ಚಪ್ಪಲಿ ಬಿಟ್ಟು ಬದುವಿನ ಮೇಲೆ ನಡೆದುಹೋಗಿ ಎದುರು ನಿಂತಳು. ತಾನು ಯಾರೆಂದು ಹೇಳಿದಳು. ಎರಡು ಪುಸ್ತಕ ಕೂಡಿಸುವಾಗ ಮೂರನೆಯ ಪುಟ ನೋಡಲಿಲ್ಲವೆಂದು ಹೇಳಿದಳು. ಬೆಳಿಗ್ಗೆ ತಿದ್ದಿದೆ ಅಂದುಕೊಂಡು ಇನ್ನೊಂದು ತಪ್ಪು ಮಾಡಿದ್ದನ್ನೂ ಹೇಳಿದಳು. ಗಾಡಿಯಗಲ ದಾರಿ ಬೇಕು ಎಂದಳು.

"ಪಟ್ಟಿಯಾಗ ನಾ ಒಂಬತ್ತನೇ ತಾರೀಖಿಗೆ ಐದೀನಿ," ಎಂದ ಕಾಳಪ್ಪ. "ಇವತ್ತ ಯಾಕ ಬಂದ್ರಿ ನನ್ನ ಹತ್ರ?"

"ನಿಮ್ಮ ಹಿಂದಿನವರ ದಿನ ಮುಗಿದು ಹೋಗೈತ್ರಿ."

ಅವನು ತುತ್ತು ಅಗಿದ. ನೀರು ಕುಡಿದ. "ಆಕಿ ಕಳಿಸ್ಯಾಳೇನು?"

"ಇಲ್ರಿ. ಆಕಿ ಬ್ಯಾಡ ಅಂದಾಳ. ಉದುರಿದರ ಉದುರ್ಲಿ ಅಂದಾಳ."

ಕಾಳಪ್ಪ ಮೂಗಿನಲ್ಲೇ ನಕ್ಕ. ಅಂದಿರಬೇಕು, ಅನ್ನದೆ ಇದ್ದರೆ ಆಕಿ ಹುಸೇನಮ್ಮ ಹೆಂಗಾದಾಳು ಎಂದು ಗೊಣಗಿದ. ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟು, ಸಲಿಕೆ ಹೆಗಲಿಗೇರಿಸಿ, ದಾರಿಯ ಕಡೆಯ ಬದುವನ್ನು ತಾನೇ ಹೋಗಿ ಕಡಿದು ಸಮ ಮಾಡಿಕೊಟ್ಟ. ಅಂಜಿನಿಗೆ ಒಂದೇ ಮಾತು: ಗಾಡಿಯಗಲಕ್ಕಿಂತ ಒಂದು ಗೇಣು ಹೆಚ್ಚಾದರೂ ಎಳೆದು ಕೆಳಗಿಳಿಸುತ್ತೇನೆ.

ಒಂದು ಗಂಟೆಗೆ ಗಾಡಿ ಹಸಿರಿನೊಳಗೆ ಇಳಿಯಿತು.

ಕಾವ್ಯ ನಡುಬದುವಿನ ಮೇಲೆ ನಿಂತಳು. ಜೀವಮಾನದಲ್ಲಿ ಅವಳು ಅಷ್ಟು ಹೊತ್ತು ಒಂದು ಕಡೆ ನಿಂತವಳಲ್ಲ. ಪಾಠ ಮಾಡುವಾಗಲೂ ಗೋಡೆಯಿಂದ ಗೋಡೆಗೆ ನಡೆಯುವವಳು. ಈಗ ಕಾಲು ಎತ್ತಿದರೆ ಕೆಸರು, ಬಗ್ಗಿದರೆ ಗುಡ್ಡಪ್ಪನ ಕಣ್ಣು. ಒಳಗಿನ ಚಡಪಡಿಕೆಗೆ ಹೋಗಲು ಜಾಗವಿಲ್ಲದೆ ಅದು ಕೈಬೆರಳುಗಳಿಗೆ ಬಂತು. ಗುಡ್ಡಪ್ಪನಿಂದ ಪುಸ್ತಕ ಕೇಳಿ ತರಿಸಿಕೊಂಡು ಹಾಳೆ ಮಗುಚಿದಳು, ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ.

ಹಿಂದಿನಿಂದ ಓದುತ್ತ ಬಂದಾಗ ಅದು ಅವಳಿಗೆ ಕಂಡಿತು. ಮುಂದೆ ನಿಂತವನ ದಿನ ಅವನೊಬ್ಬನದಲ್ಲ. ಅವನ ಬೆನ್ನ ಹಿಂದೆ ಇರುವವರೆಲ್ಲರಲ್ಲಿ ಯಾರಿಗೆ ಎಲ್ಲರಿಗಿಂತ ಅವಸರವೋ, ಅವರ ದಿನವೇ ಅವನ ದಿನ. ಪುಟದ ಕೊನೆಯ ಗದ್ದೆಯಿಂದ ಹೊರಡು. ಕಂಡ ದಿನಗಳಲ್ಲಿ ಬೇಗನೆಯದನ್ನು ಕೈಯಲ್ಲಿ ಹಿಡಿದುಕೊಂಡು ಮುಂದಕ್ಕೆ ಬಾ. ಪ್ರತಿಯೊಬ್ಬರ ಹೆಸರಿನ ಮುಂದೆ ಅದನ್ನೇ ಬರೆಯುತ್ತ ಬಾ. ಕಾಳಪ್ಪನ ಹತ್ತಿರ ಬರುವಷ್ಟರಲ್ಲಿ ಡಿಸೆಂಬರ್ ಒಂಬತ್ತು ಹೋಗಿ ನವೆಂಬರ್ ಇಪ್ಪತ್ತೇಳು ಆಗಿತ್ತು. ಹೆಸರುಗಳು ದಾರಿಯ ಸಾಲಿನಲ್ಲೇ ಉಳಿದವು, ದಿನಗಳು ತಾವಾಗಿ ಏರುತ್ತ ಹೋದವು, ಒಂದೂ ಹಿಂದೆ ಬೀಳಲಿಲ್ಲ. ಈ ಸಾಲನ್ನು ಕೊಟ್ಟಿದ್ದರೆ ಆ ಫಂಕ್ಷನ್ ನಾಲ್ಕು ದಿನದ ಹಿಂದೆಯೇ ಕಾಳಪ್ಪನನ್ನು ಕರೆಯುತ್ತಿತ್ತು, ಕಾಳಪ್ಪನ ಹತ್ತಿರ ಮಾತಾಡಲು ಹೊತ್ತೂ ಇರುತ್ತಿತ್ತು.

ವೀರೇಶನಿಗೆ ಫೋನು ಮಾಡಿದಳು. ಬೆಳಗಿನ ಪಟ್ಟಿಯನ್ನು ಯಾರಿಗೂ ಕೊಡಬೇಡ, ಅದೂ ತಪ್ಪು, ಇದನ್ನು ಬರೆದುಕೋ ಎಂದಳು. ಅವನು ಈ ಸಲ ಕೆಣಕಲಿಲ್ಲ. ಅಲ್ಲಿ ಗಾಳಿ ಹೆಂಗೈತಿ ಎಂದು ಮಾತ್ರ ಕೇಳಿದ.

ಗಾಳಿ ತಿರುಗಿತ್ತು. ಗಾಡಿ ಹುಸೇನಮ್ಮನ ಗದ್ದೆಯಲ್ಲಿ ಸುತ್ತು ಹೊಡೆಯುತ್ತಿತ್ತು. ತೊಟ್ಟಿ ತುಂಬಿದಾಗೆಲ್ಲ ಅದೇ ಕಿರುದಾರಿಯಲ್ಲಿ ಹೊರಗೆ ಬಂದು ಟ್ರಾಕ್ಟರಿಗೆ ಸುರಿದು ಮರಳಬೇಕು. ಹೋಗಿ ಬರುವುದಕ್ಕೇ ಕಾಲು ಗಂಟೆ. ಮೂರು ಸಲ ಹೋಯಿತು, ಮೂರು ಸಲ ಬಂತು. ಪ್ರತಿ ಸಲವೂ ಕಾವ್ಯ ಪಟ್ಟೆಯ ಅಂಚನ್ನೇ ನೋಡುತ್ತಿದ್ದಳು, ಕಾಳಪ್ಪನೂ ನೋಡುತ್ತಿದ್ದ. ಹುಸೇನಮ್ಮ ಗಾಡಿಯ ಹಿಂದೆ ಹಿಂದೆ ನಡೆಯುತ್ತ, ಬಿದ್ದ ತೆನೆಗಳನ್ನು ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ಎಕರೆ ಆಯಿತು. ಒಂದೂವರೆ ಆಗುತ್ತ ಬಂತು.

ನಾಲ್ಕಕ್ಕೆ ಮೊದಲ ಹನಿ ಪುಸ್ತಕದ ಮೇಲೆ ಬಿತ್ತು. ಕಾವ್ಯ ಅದನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಬಯಲಿನ ಆ ತುದಿ ಕಾಣದಂತಾಗಿತ್ತು. ಮಳೆ ಬಂದ ಬಿರುಸಿಗೆ ನಿಂತ ಪೈರು ಮಲಗಿತು. ಒದ್ದೆ ಹುಲ್ಲು ಸಿಕ್ಕಿಕೊಂಡು ಯಂತ್ರ ಎರಡು ಸಲ ಕೆಮ್ಮಿ ನಿಂತಿತು. ಅಂಜಿನಿ ಅದನ್ನು ಬಿಡಿಸಿ, ಆಕಾಶ ನೋಡಿ, ತಲೆ ಅಲ್ಲಾಡಿಸಿದ. ಇನ್ನು ಅರ್ಧ ಗಂಟೆ ಇಲ್ಲೇ ಇದ್ದರೆ ಗಾಡಿ ಹೊರಗೆ ಬರುವುದಿಲ್ಲ ಎಂದು ಕೂಗಿ ಹೇಳಿದ. ತಗ್ಗಿನ ಮೂಲೆಯಲ್ಲಿ ಅರ್ಧ ಎಕರೆ ಉಳಿದಿತ್ತು.

ಹುಸೇನಮ್ಮ ಸೊಂಟದಿಂದ ಕುಡುಗೋಲು ತೆಗೆದಳು. ಅದು ಬೆಳಿಗ್ಗೆಯಿಂದ ಅಲ್ಲೇ ಇತ್ತೋ ಏನೋ, ಕಾವ್ಯ ಗಮನಿಸಿರಲಿಲ್ಲ. ಮಲಗಿದ ಪೈರಿನ ನಡುವೆ ಬಗ್ಗಿದಳು. ಕಾವ್ಯ ಬದುವಿನಿಂದ ಒಂದು ಹೆಜ್ಜೆ ಇಳಿದಳು. ದಾರಿಯಿಂದ ಗುಡ್ಡಪ್ಪ ಕೈಯೆತ್ತಿದ. ಗಾಡಿ ಇನ್ನೂ ಒಳಗಿತ್ತು. ಅವಳು ಹೆಜ್ಜೆ ಹಿಂದಕ್ಕೆ ತೆಗೆದಳು.

ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಕಾಳಪ್ಪ. ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದಿದ್ದ.

"ಮೇಡಂ, ಆಕಿಗೆ ಹೇಳ್ರಿ. ಮೂಲಿ ಕಡಿಯಿಂದ ಹಿಡೀಬೇಕು. ನೀರು ಮೊದಲ ಅಲ್ಲೇ ನಿಂದ್ರತೈತಿ."

ಹುಸೇನಮ್ಮ ಹತ್ತು ಮಾರು ದೂರದಲ್ಲೂ ಇರಲಿಲ್ಲ. ಆದರೂ ಕಾವ್ಯ ಗಟ್ಟಿಯಾಗಿ ಹೇಳಿದಳು. ಹುಸೇನಮ್ಮ ಬಗ್ಗಿದಲ್ಲಿಂದಲೇ ಉತ್ತರ ಕೊಟ್ಟಳು:

"ಕೇಳವ್ವ ಅವನ್ನ, ಕೈಯಾಗ ಕುಡುಗೋಲು ಐತೇನು, ಬರೇ ಬಾಯಿ ತಂದಾನೋ."

ಕಾವ್ಯ ಅದನ್ನೂ ಹೇಳಿದಳು. ಕಾಳಪ್ಪ ಚೀಲ ಸರಿಪಡಿಸಿಕೊಂಡು, ಕುಡುಗೋಲು ತೋರಿಸಿ, ಗದ್ದೆಗೆ ಇಳಿದ. ಮೂಲೆಗೆ ಹೋಗಿ ಮಲಗಿದ ಪೈರನ್ನು ಎಡಗೈಯಲ್ಲಿ ಬಾಚಿ ಹಿಡಿದ. ಸ್ವಲ್ಪ ಹೊತ್ತಿಗೆ ಹುಸೇನಮ್ಮನೂ ಆ ಕಡೆಗೇ ಸರಿದಳು. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೊಯ್ಯುತ್ತಿದ್ದರು. ಗಾಡಿ ಅವರನ್ನು ದಾಟಿ, ಕಾವ್ಯಳನ್ನು ದಾಟಿ, ಕಿರುದಾರಿಯ ಕೆಸರಿನಲ್ಲಿ ಎರಡು ಕಡೆ ಜಾರಿ, ಕಾಳಪ್ಪನ ಹಸಿರಿನೊಳಗೆ ಒಂದು ಮಾರಿನಷ್ಟು ನುಗ್ಗಿ, ಮತ್ತೆ ನೆಟ್ಟಗಾಗಿ ದಾರಿ ಹತ್ತಿತು. ತುಳಿದ ಜಾಗವನ್ನು ಕಾವ್ಯ ಗುರುತಿಟ್ಟುಕೊಂಡಳು. ಅದಕ್ಕೆ ಉತ್ತರ ಹೇಳಬೇಕಾದವಳು ಅವಳು.

ದಾರಿಯಿಂದ ಗುಡ್ಡಪ್ಪ, ಮುಗೀತು, ಬಾ ಎಂದು ಸನ್ನೆ ಮಾಡಿದ.

ಬಂದೆ ಎಂದಳು. ಅಷ್ಟರಲ್ಲಿ ಮೂಲೆಯಿಂದ ಕಾಳಪ್ಪನ ದನಿ ಮಳೆ ಸೀಳಿಕೊಂಡು ಬಂತು: "ಮೇಡಂ, ನನ್ನ ಗುಡಿಸಲಾಗ ಭತ್ತ ಮುಚ್ಚಾಕ ತಾಡಪಾಲು ಐತಿ ಅಂತ ಹೇಳ್ರಿ ಆಕಿಗೆ."

ಈ ಸಲ ಕಾವ್ಯ ಯಾರಿಗೂ ಏನೂ ಹೇಳಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಗುಡಿಸಲ ಕಡೆಗೆ ಓಡಿದಳು.